ಹ್ಯೂಬ್ನರ್‌ನ ಸಿಗರೇಟು ಸಾಕು, ಗೋಲುಗಳ ಬಗ್ಗೆ ಮಾತಾಡೋಣ

ಹಳೇ ಸ್ಟ್ರೈಕರ್

ಮೊನ್ನೆ ನಮ್ಮ ಫುಟ್‌ಬಾಲ್ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಇಟಲಿಯ ಮಾಜಿ ಫುಟ್‌ಬಾಲ್ ಆಟಗಾರ ಡಾರಿಯೋ ಹ್ಯೂಬ್ನರ್ ಬಾಯಲ್ಲಿ ಸಿಗರೇಟು, ಕೆಳಗೆ ಒಂದು ಜೋಕು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯಾಕೋ ಸಿಟ್ಟು ಬಂತು. ಈ ಮನುಷ್ಯನ ಹೆಸರು ಬಂದಾಗಲೆಲ್ಲ ಸಿಗರೇಟು ಮತ್ತು ಗ್ರಾಪ್ಪಾ (ಇಟಲಿಯ ಕಡಕ್ ದ್ರಾಕ್ಷಿ ಮದ್ಯ), ಇಷ್ಟೇ ಕಥೆ. ಅವನು ಹೊಡೆದ ಗೋಲುಗಳ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1967ರಲ್ಲಿ ಹುಟ್ಟಿದವನು, ತ್ರಿಯೆಸ್ತೆ ಪಕ್ಕದ ಮುಜ್ಜಾ ಊರಿನ ಕಡೆಯವನು. ಓದು ಬೇಗ ಬಿಟ್ಟ, ಕಬ್ಬಿಣದ ಕೆಲಸಕ್ಕೆ ಸೇರಿದ. ಊರಿನ ತಂಡ ಮುಜ್ಜೆಸಾನಾದಲ್ಲಿ ಆಡುತ್ತಿದ್ದ. ಇಪ್ಪತ್ತನೇ ವಯಸ್ಸಲ್ಲಿ ಅವನು ಆಡಿದ್ದು ಪಿಯೆವಿಜೀನಾ ಅನ್ನೋ ತಂಡಕ್ಕೆ, ಅದೂ ಇಂಟರ್‌ರೀಜಿಯೊನಾಲೆಯಲ್ಲಿ. ಅಂದ್ರೆ ಈಗಿನ ಸೀರಿ ಡಿ, ಹವ್ಯಾಸಿ ಮಟ್ಟ. ಆಗಿನ ಇಟಲಿ ಲೀಗ್ ಏಣಿ ಮೇಲಿಂದ ಕೆಳಗೆ ಸೀರಿ ಎ, ಬಿ, ಸಿ1, ಸಿ2, ಅದರ ಕೆಳಗೆ ಇದು. ನೆನಪಿಡಿ, ಆ ವಯಸ್ಸಿಗೆ ಪಾವ್ಲೋ ಮಾಲ್ದೀನಿ ಇಟಲಿ ತಂಡದಲ್ಲಿ ಆಡುತ್ತಿದ್ದ.

ಅಲ್ಲಿಂದ ಒಂದೊಂದೇ ಮೆಟ್ಟಿಲು. ಸೀರಿ ಸಿ2ರಲ್ಲಿ ಪೆರ್ಗೊಕ್ರೆಮಾ, ಆಮೇಲೆ ಫಾನೋ, ಆಮೇಲೆ ಸೀರಿ ಬಿಯಲ್ಲಿ ಚೆಜೇನಾ, ಆಮೇಲೆ ಬ್ರೆಶಾ. ಸೀರಿ ಎಯಲ್ಲಿ ಮೊದಲ ಪಂದ್ಯ ಆಡಿದಾಗ ಅವನಿಗೆ ಮೂವತ್ತು ವರ್ಷ ದಾಟಿತ್ತು. ಮೂವತ್ತೈದಕ್ಕೆ ಸೀರಿ ಎಯ ಟಾಪ್ ಸ್ಕೋರರ್. ಇಟಲಿಯಲ್ಲಿ ಸಿ1, ಬಿ, ಎ ಮೂರರಲ್ಲೂ ಟಾಪ್ ಸ್ಕೋರರ್ ಆದವರು ಇಬ್ಬರೇ, ಅದರಲ್ಲಿ ಇವನೊಬ್ಬ.

ನನ್ನ ವಾದ ಇಷ್ಟೇ. ಅವನು ದೊಡ್ಡ ತಂಡಕ್ಕೆ ಹೋಗದೇ ಇರೋಕೆ ಸಿಗರೇಟು ಕಾರಣ ಅಲ್ಲ. ಬೈಯುವವರು ಬೈಯಿರಿ.

ಬೆಂಚು ಬಿಸಿ ಮಾಡುವವ

ಬೈಯಲ್ಲ ಗುರು, ಆದರೆ ಸಿಗರೇಟು ಸೇದುತ್ತಿದ್ದದ್ದು ಸುಳ್ಳೇನಲ್ಲವಲ್ಲ? ಅವನೇ ಎಷ್ಟೋ ಸಂದರ್ಶನಗಳಲ್ಲಿ ನಗುನಗುತ್ತಾ ಒಪ್ಪಿಕೊಂಡಿದ್ದಾನೆ. ವೃತ್ತಿಪರ ಆಟಗಾರ ಅಂದ ಮೇಲೆ ಮೈ ಕಾಪಾಡಿಕೊಳ್ಳೋದೂ ಕೆಲಸದ ಭಾಗ. ದೊಡ್ಡ ಕ್ಲಬ್‌ನವರು ಕೋಟಿಗಟ್ಟಲೆ ಸುರಿಯೋ ಮುಂಚೆ ಇದನ್ನೆಲ್ಲ ನೋಡ್ತಾರೆ.

ಅಂದಹಾಗೆ ಹೆಸರು ನೋಡಿ ಇಷ್ಟು ವರ್ಷ ಅವನು ಜರ್ಮನಿಯವನು ಅಂದ್ಕೊಂಡಿದ್ದೆ. 😅

ಮಿಲಾನ್ ಕನ್ನಡಿಗ

ತ್ರಿಯೆಸ್ತೆ 1918ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯದ ಬಂದರು. ಆ ಕಡೆ ಜರ್ಮನ್, ಸ್ಲಾವ್, ಇಟಾಲಿಯನ್ ಹೆಸರುಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ಮುಜ್ಜಾದಿಂದ ಸ್ಲೊವೇನಿಯಾ ಗಡಿಗೆ ನಡೆದೇ ಹೋಗಬಹುದು.

ನಾನು ಹನ್ನೊಂದು ವರ್ಷದಿಂದ ಮಿಲಾನ್‌ನಲ್ಲಿ ಇದ್ದೇನೆ. ಇಲ್ಲಿನವರು ಹ್ಯೂಬ್ನರ್ ಬಗ್ಗೆ ಮಾತಾಡುವಾಗ ಒಂದು ಪದ ತಪ್ಪದೇ ಬರುತ್ತೆ, ಗಾವೆತ್ತಾ. ಅದು ಸಿಪಾಯಿಗಳು ಊಟಕ್ಕೆ ಬಳಸುತ್ತಿದ್ದ ತಗಡಿನ ಡಬ್ಬಿ. 'ಗಾವೆತ್ತಾ ಮಾಡಿದವನು' ಅಂದರೆ ಕೆಳಗಿನಿಂದ ಕಷ್ಟಪಟ್ಟು ಮೇಲೆ ಬಂದವನು. ಇಲ್ಲಿ ಅದು ದೊಡ್ಡ ಮರ್ಯಾದೆಯ ಮಾತು. ಇನ್ನೊಂದು ಮಾತು 'ಬಾಂಬರ್ ದಿ ಪ್ರೊವಿಂಚಾ'. ಸಣ್ಣ ಊರುಗಳ ಗೋಲು ಹೊಡೆಯೋನು ಅಂತ ಅರ್ಥ. ಇದು ಮಾತ್ರ ಅರ್ಧ ಹೊಗಳಿಕೆ, ಅರ್ಧ ಚುಚ್ಚು. ಸಣ್ಣ ಊರಿಗೆ ಸರಿ, ಮಿಲಾನ್‌ನ ದೊಡ್ಡ ಸ್ಟೇಡಿಯಂ ಸ್ಯಾನ್ ಸಿರೋಗೆ ಸಾಲಲ್ಲ ಅನ್ನೋ ಧಾಟಿ ಅದರಲ್ಲಿ ಇದೆ.

ಆದರೆ ಅವನು ಸೀರಿ ಎಯಲ್ಲಿ ಮೊದಲ ಗೋಲು ಹೊಡೆದದ್ದೇ ಸ್ಯಾನ್ ಸಿರೋದಲ್ಲಿ!

ಆಸ್ಟಿನ್ ಟೌನ್ ಹುಡುಗ

ಇದು ರೊನಾಲ್ಡೋ (ಬ್ರೆಜಿಲ್‌ನವನು) ಮಿಲಾನ್‌ನ ಇಂಟರ್ ಕ್ಲಬ್‌ಗೆ ಮೊದಲ ಲೀಗ್ ಪಂದ್ಯ ಆಡಿದ ದಿನ ಅಲ್ವಾ?

ಮಿಲಾನ್ ಕನ್ನಡಿಗ

ಅದೇ. 1997ರ ಆಗಸ್ಟ್ 31, ಇಂಟರ್ ವಿರುದ್ಧ ಬ್ರೆಶಾ. ಜನ ಬಂದದ್ದು ರೊನಾಲ್ಡೋನನ್ನು ನೋಡೋಕೆ. ಗೋಲು ಹೊಡೆದದ್ದು ಹ್ಯೂಬ್ನರ್. ಬ್ರೆಶಾ 1-0 ಮುಂದೆ, ಇಡೀ ಸ್ಟೇಡಿಯಂ ತಣ್ಣಗೆ. ಆಮೇಲೆ ಬೆಂಚಿನಿಂದ ಎದ್ದು ಬಂದ ಉರುಗ್ವೆಯ ಹುಡುಗ ರೆಕೋಬಾ ದೂರದಿಂದ ಎರಡು ಬಾರಿಸಿದ, ಇಂಟರ್ 2-1ಕ್ಕೆ ಗೆದ್ದಿತು. ಮರುದಿನ ಪತ್ರಿಕೆ ತುಂಬಾ ರೆಕೋಬಾ, ರೊನಾಲ್ಡೋ. ಮೂವತ್ತು ವರ್ಷದ ಹೊಸಬನ ಸುದ್ದಿ ಯಾರಿಗೆ ಬೇಕು?

ಆ ವರ್ಷ ಬ್ರೆಶಾದಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ಮಿಡ್‌ಫೀಲ್ಡರ್, ಹದಿನೆಂಟರ ಪಿರ್ಲೋನೂ ಇದ್ದ. ಹ್ಯೂಬ್ನರ್ ಹೊಡೆದದ್ದು 16 ಗೋಲು. ಆದರೂ ತಂಡ ಸೀರಿ ಬಿಗೆ ಇಳಿಯಿತು.

ಅಂಕಿ ಸಂಖ್ಯೆ

ನನ್ನ ಕೆಲಸ ನಾನು ಮಾಡ್ತೀನಿ. ಲೀಗ್ ಗೋಲುಗಳು ಮಾತ್ರ:

ಫಾನೋ, 1991-92, ಸಿ1, 14 ಗೋಲು, ಟಾಪ್ ಸ್ಕೋರರ್.
ಚೆಜೇನಾ, 1995-96, ಸೀರಿ ಬಿ, 22 ಗೋಲು, ಟಾಪ್ ಸ್ಕೋರರ್.
ಬ್ರೆಶಾ, 1997-98, ಸೀರಿ ಎ, 16.
ಬ್ರೆಶಾ, 2000-01, ಸೀರಿ ಎ, 17.
ಪಿಯಾಚೆಂಜಾ, 2001-02, ಸೀರಿ ಎ, 24, ಯುವೆಂಟಸ್‌ನ ಟ್ರೆಜೆಗೆ ಜೊತೆ ಜಂಟಿ ಟಾಪ್ ಸ್ಕೋರರ್.
ಪಿಯಾಚೆಂಜಾ, 2002-03, ಸೀರಿ ಎ, 14.

ಸೀರಿ ಎಯ ಈ ನಾಲ್ಕು ಸೀಸನ್ ಸೇರಿಸಿದರೆ 71. ಎಲ್ಲವೂ ಮೂವತ್ತು ದಾಟಿದ ಮೇಲೆ. ಕೊನೆಯದರಲ್ಲಿ ಅವನಿಗೆ ಮೂವತ್ತಾರು ತುಂಬಿತ್ತು. ನಾಲ್ಕರಲ್ಲಿ ಎರಡು ಸಲ ತಂಡ ಕೆಳಗೆ ಇಳಿದಿದೆ (1998ರಲ್ಲಿ ಬ್ರೆಶಾ, 2003ರಲ್ಲಿ ಪಿಯಾಚೆಂಜಾ). ಇಳಿಯೋ ತಂಡದಲ್ಲಿ ಇದ್ದುಕೊಂಡು 16 ಮತ್ತು 14. ಆಗ ಸೀರಿ ಎಯಲ್ಲಿ 18 ತಂಡ, ವರ್ಷಕ್ಕೆ 34 ಪಂದ್ಯ ಅನ್ನೋದೂ ನೆನಪಿರಲಿ. ಈಗಿನ ಹಾಗೆ 38 ಅಲ್ಲ.

ಬೆಂಚು ಬಿಸಿ ಮಾಡುವವ

ಸರಿ ಸರಿ, ಒಪ್ಪಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಇಷ್ಟು ಗೋಲು ಹೊಡೆಯುವವನನ್ನು ಇಪ್ಪತ್ತೈದು ಇಪ್ಪತ್ತಾರರಲ್ಲೇ ಯಾಕೆ ಯಾರೂ ಮೇಲಕ್ಕೆ ಎತ್ತಲಿಲ್ಲ? ಐದು ವರ್ಷ ಚೆಜೇನಾದಲ್ಲೇ ಬಿದ್ದಿದ್ದ. ಏನೋ ಒಂದು ಕೊರತೆ ಇದ್ದೇ ಇರಬೇಕು.

ಹಳೇ ಸ್ಟ್ರೈಕರ್

ಇದೇ ನಾನು ಹೇಳಬೇಕು ಅಂದುಕೊಂಡಿದ್ದು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಒಂದು, ಕಾಲ. ತೊಂಬತ್ತರ ದಶಕದ ಇಟಲಿಯಲ್ಲಿ ಸ್ಟ್ರೈಕರ್‌ಗಳು ಮಳೆಗಾಲದ ಅಣಬೆ ಹಾಗೆ. ಬಾಜ್ಜೋ, ಸಿನ್ಯೋರಿ, ರವನೆಲ್ಲಿ, ಕಸಿರಾಗಿ, ಕಿಯೇಜಾ, ಆಮೇಲೆ ವಿಯೇರಿ, ಇನ್ಜಾಗಿ, ದೆಲ್ ಪಿಯೇರೋ, ಮೊಂತೆಲ್ಲಾ, ತೊತ್ತಿ. ಇದರ ಮೇಲೆ ಜಗತ್ತಿನ ಅತ್ಯುತ್ತಮ ವಿದೇಶಿಗಳು ಬೇರೆ. ಆಗ ಸೀರಿ ಎಗಿಂತ ದೊಡ್ಡ ಲೀಗ್ ಭೂಮಿ ಮೇಲೆ ಇರಲಿಲ್ಲ. ಅಂಥಾ ಹೊತ್ತಲ್ಲಿ ಸೀರಿ ಬಿಯ ಇಪ್ಪತ್ತೆಂಟರ ಸ್ಟ್ರೈಕರ್‌ಗೆ ದುಡ್ಡು ಯಾರು ಹಾಕುತ್ತಾರೆ?

ಎರಡು, ಅವನು ಅಕಾಡೆಮಿ ನೋಡಿದವನಲ್ಲ. ಇಟಲಿಯಲ್ಲಿ ಹುಡುಗರನ್ನು ಹತ್ತು ಹನ್ನೆರಡಕ್ಕೇ ಕ್ಲಬ್‌ಗಳು ಹಿಡಿದುಕೊಂಡು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಅಂತ ಕಲಿಸಿಬಿಡುತ್ತಾರೆ. ಇವನು ಅದನ್ನು ಕಲಿತದ್ದು ಇಪ್ಪತ್ತೆರಡು ಇಪ್ಪತ್ಮೂರರಲ್ಲಿ, ಫಾನೋದಲ್ಲಿ. ಅಲ್ಲಿ ಕೋಚ್ ಆಗಿದ್ದವನು ಫ್ರಾಂಚೆಸ್ಕೋ ಗ್ವಿದೋಲಿನ್. ಹೌದು, ಮುಂದೆ ಉದಿನೇಜೆಯನ್ನು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿಗೆ ಕರೆದೊಯ್ದ ಅದೇ ಗ್ವಿದೋಲಿನ್. ಅಷ್ಟರವರೆಗೆ ಹ್ಯೂಬ್ನರ್ ಹತ್ತಿರ ಇದ್ದದ್ದು ಓಟ ಮತ್ತು ಹೊಡೆತ, ಅಷ್ಟೇ. ನುಗ್ಗಿದರೆ ತಡೆಯೋಕೆ ಆಗದ ಆಳು. ಅದಕ್ಕೇ ಅಭಿಮಾನಿಗಳು ಟಟಾಂಕಾ ಅಂತ ಹೆಸರಿಟ್ಟರು, ಅಮೆರಿಕದ ಕಾಡುಕೋಣ.

ಮೂರು, ಅದೃಷ್ಟ. 1994ರಲ್ಲಿ ಚೆಜೇನಾ ಸೀರಿ ಎಗೆ ಏರೋದಕ್ಕೆ ಒಂದೇ ಪಂದ್ಯ ಬಾಕಿ ಇತ್ತು, ಪಡೋವಾ ವಿರುದ್ಧ. 2-1ಕ್ಕೆ ಸೋತರು. ಆ ದಿನ ಗೆದ್ದಿದ್ದರೆ ಇವನು ಇಪ್ಪತ್ತೇಳಕ್ಕೇ ಸೀರಿ ಎಯಲ್ಲಿ ಇರುತ್ತಿದ್ದ. ಮೂರು ವರ್ಷ ಅಲ್ಲೇ ಹೋಯಿತು. ಇದಕ್ಕೂ ಸಿಗರೇಟಿಗೂ ಏನು ಸಂಬಂಧ?

ಗೋಲಿ ಅಲ್ಲ ಗೋಲ್‌ಕೀಪರ್

ಮೂರು ಅಂಶ ಹಾಕಿ ಪರೀಕ್ಷೆ ಬರೆದ ಹಾಗೆ ಬರೆದಿದ್ದೀರಲ್ಲ ಸರ್ 😂

ಆದರೆ ಒಂದು ಮಾತು. ನಾನು ಬೆಂಗಳೂರು ಲೀಗ್‌ನ ಕೆಳಗಿನ ಡಿವಿಷನ್‌ನಲ್ಲಿ ನಾಲ್ಕು ವರ್ಷ ಆಡಿದವನು. ಬೆಳಿಗ್ಗೆ ಆರಕ್ಕೆ ಶಿಫ್ಟ್, ಮಧ್ಯಾಹ್ನ ಪಂದ್ಯ. ಮೈ ಕಾಪಾಡಿಕೊಳ್ಳೋದು ಅಂತ ಸುಲಭವಾಗಿ ಹೇಳ್ತೀರಿ. ಕಬ್ಬಿಣದ ಕೆಲಸ ಮಾಡಿ ಬಂದ ಹುಡುಗನಿಗೆ ಡಯಟ್ ಹೇಳಿಕೊಡೋಕೆ ಯಾರಿದ್ದರು? ಒಂದು ಸಲ ಅಂಟಿದ ಅಭ್ಯಾಸ ಮೂವತ್ತಕ್ಕೆ ಸೀರಿ ಎ ಬಂತು ಅಂತ ಬಿಟ್ಟುಹೋಗುತ್ತಾ? ನಂದು ಇನ್ನೂ ಬಿಟ್ಟಿಲ್ಲ, ಚಹಾ ಮಾತ್ರ ಅನ್ನಿ.

ಬೆಂಚು ಬಿಸಿ ಮಾಡುವವ

ಅದು ನ್ಯಾಯ.

ಆದರೆ 2002ರ ವಿಶ್ವಕಪ್? ಆಗ ಕಾಲದ ನೆಪವೂ ಇರಲಿಲ್ಲ, ಅಕಾಡೆಮಿಯ ನೆಪವೂ ಇರಲಿಲ್ಲ, 24 ಗೋಲು ಕಣ್ಣೆದುರಿಗೇ ಇತ್ತು. ಇಟಲಿ ಕೋಚ್ ತ್ರಪತ್ತೋನಿ ಯಾಕೆ ಕರೆಯಲಿಲ್ಲ?

ಅಂಕಿ ಸಂಖ್ಯೆ

ತ್ರಪತ್ತೋನಿ ಒಯ್ದ ಫಾರ್ವರ್ಡ್‌ಗಳು ವಿಯೇರಿ, ತೊತ್ತಿ, ದೆಲ್ ಪಿಯೇರೋ, ಇನ್ಜಾಗಿ, ಮೊಂತೆಲ್ಲಾ, ದೆಲ್ವೆಕ್ಕಿಯೋ. ಯಾರನ್ನು ತೆಗೆಯುತ್ತೀರಿ ಹೇಳಿ. ವಿಯೇರಿ ಆ ಸೀಸನ್‌ನಲ್ಲಿ 22 ಹೊಡೆದಿದ್ದ, ವಿಶ್ವಕಪ್‌ನಲ್ಲಿ 4.

ಆಸ್ಟಿನ್ ಟೌನ್ ಹುಡುಗ

ದೆಲ್ವೆಕ್ಕಿಯೋನ ತೆಗೀತೀನಿ, ಯೋಚನೆನೇ ಮಾಡಲ್ಲ 😤

ಹಳೇ ಸ್ಟ್ರೈಕರ್

ನಾನೂ. ಆದರೆ ದೆಲ್ವೆಕ್ಕಿಯೋ ರೋಮಾ ಕ್ಲಬ್‌ನವನು, ಎರಡು ವರ್ಷ ಹಿಂದೆ ಯೂರೋ ಫೈನಲ್‌ನಲ್ಲಿ ಗೋಲು ಹೊಡೆದವನು. ಕೋಚ್‌ಗಳು ಗೊತ್ತಿರೋ ಮುಖ ಬಿಡಲ್ಲ. ಹ್ಯೂಬ್ನರ್ ಒಂದೇ ಒಂದು ಸಲವೂ ಇಟಲಿ ಜರ್ಸಿ ತೊಟ್ಟು ಆಡಲಿಲ್ಲ. ಟಾಪ್ ಸ್ಕೋರರ್ ಆದ ವರ್ಷವೂ ಇಲ್ಲ.

ಅದೇ ಬೇಸಿಗೆಯಲ್ಲಿ ಮಿಲಾನ್ ಕ್ಲಬ್ ಅವನನ್ನು ಅಮೆರಿಕ ಪ್ರವಾಸಕ್ಕೆ ಕರೆದುಕೊಂಡು ಹೋಯಿತು. ಒಂದು ಥರ ಪರೀಕ್ಷೆ ಅನ್ನಿ. ಕೊಂಡುಕೊಳ್ಳಲಿಲ್ಲ, ಅವನು ವಾಪಸ್ ಪಿಯಾಚೆಂಜಾಗೆ ಬಂದ. ಸಿಗರೇಟಿನ ಕಥೆಗಳು ಜಾಸ್ತಿ ಹುಟ್ಟಿದ್ದು ಈ ಪ್ರವಾಸದಿಂದಲೇ. ಮೂವತ್ತೈದು ವರ್ಷದವನನ್ನು ಮಿಲಾನ್ ಕೊಳ್ಳದೇ ಇರೋಕೆ ಬೇರೆ ಕಾರಣ ಬೇಕಾ? ಜನನಪತ್ರ ಸಾಕು.

ಮಿಲಾನ್ ಕನ್ನಡಿಗ

2002ರ ಮೇ 5 ಬಗ್ಗೆ ಯಾರೂ ಹೇಳಲೇ ಇಲ್ಲ. ಸೀರಿ ಎಯ ಕೊನೇ ದಿನ. ಇಲ್ಲಿ ಇಂಟರ್ ಅಭಿಮಾನಿಗಳ ಮುಂದೆ ಆ ದಿನಾಂಕ ಹೇಳಬಾರದು, ಊಟ ಬಿಟ್ಟು ಎದ್ದು ಹೋಗುತ್ತಾರೆ. ಇಂಟರ್ ಗೆದ್ದರೆ ಚಾಂಪಿಯನ್, ರೋಮ್‌ನಲ್ಲಿ ಲಾತ್ಸಿಯೋ ವಿರುದ್ಧ 4-2ಕ್ಕೆ ಸೋತರು. ಉದಿನೆಯಲ್ಲಿ ಯುವೆಂಟಸ್ 2-0 ಗೆದ್ದು ಪಟ್ಟ ಎತ್ತಿಕೊಂಡಿತು, ಅಲ್ಲಿ ಟ್ರೆಜೆಗೆ ಒಂದು ಗೋಲು ಹೊಡೆದ. ಎಲ್ಲಾ ಕ್ಯಾಮೆರಾ ಆ ಎರಡು ಕಡೆ.

ಅದೇ ಹೊತ್ತಿಗೆ ಪಿಯಾಚೆಂಜಾದಲ್ಲಿ ವೆರೋನಾ ವಿರುದ್ಧ ಪಂದ್ಯ. ಸೋತವರು ಸೀರಿ ಬಿಗೆ ಹೋಗೋ ಪರಿಸ್ಥಿತಿ. ವೆರೋನಾದಲ್ಲಿ ಯಾರಿದ್ದರು ನೋಡಿ. ಮುತು, ಕಮೊರನೇಜಿ, ಒದ್ದೋ, ಜಿಲಾರ್ದಿನೋ. ಇವರಲ್ಲಿ ಮೂವರು ನಾಲ್ಕು ವರ್ಷದ ನಂತರ ವಿಶ್ವಕಪ್ ಗೆದ್ದರು. ಪಿಯಾಚೆಂಜಾ 3-0. ಹ್ಯೂಬ್ನರ್ ಎರಡು. ಅಲ್ಲಿಗೆ 24 ಆಯಿತು, ಟ್ರೆಜೆಗೆಗೆ ಸಮ. ತಂಡ ಉಳಿಯಿತು, ವೆರೋನಾ ಇಳಿಯಿತು.

ಆಸ್ಟಿನ್ ಟೌನ್ ಹುಡುಗ

ಅಯ್ಯೋ ಇದು ಗೊತ್ತೇ ಇರಲಿಲ್ಲ. ಸಿನಿಮಾ ಇದ್ದ ಹಾಗಿದೆ.

ಪಿಯಾಚೆಂಜಾ ಬರೀ ಇಟಾಲಿಯನ್ನರನ್ನೇ ಇಟ್ಟುಕೊಂಡ ತಂಡ ಅಲ್ವಾ?

ಅಂಕಿ ಸಂಖ್ಯೆ

2001ರವರೆಗೆ ಹೌದು. ಹ್ಯೂಬ್ನರ್ ಬಂದ ವರ್ಷವೇ ಆ ಪದ್ಧತಿ ಮುರಿದು ಬ್ರೆಜಿಲ್‌ನ ಮತುಜಲೆಮ್‌ನನ್ನು ತಂದರು. ಕೋಚ್ ವಾಲ್ತೆರ್ ನೊವೆಲ್ಲಿನೋ.

ಇನ್ನೊಂದು ತಮಾಷೆ ಕೇಳಿ. ಸೀರಿ ಎ ಟಾಪ್ ಸ್ಕೋರರ್ ಆದವರಲ್ಲಿ ಎಲ್ಲರಿಗಿಂತ ಹಿರಿಯ ಅನ್ನೋ ದಾಖಲೆ ಹ್ಯೂಬ್ನರ್‌ದೇ ಇತ್ತು. ಅದನ್ನು ಮುರಿದವನು ಲೂಕಾ ತೋನಿ, 2014-15ರಲ್ಲಿ 22 ಗೋಲು, ಇಕಾರ್ಡಿ ಜೊತೆ ಜಂಟಿಯಾಗಿ. ಆಗ ತೋನಿಗೆ ಮೂವತ್ತೆಂಟು. ತೋನಿ ಆಗ ಆಡುತ್ತಿದ್ದದ್ದು ವೆರೋನಾಗೆ! ಇನ್ನೂ ಇದೆ. 2001ರಲ್ಲಿ ಹ್ಯೂಬ್ನರ್ ಬ್ರೆಶಾ ಬಿಟ್ಟಾಗ ಆ ಬೇಸಿಗೆಯಲ್ಲಿ ಬ್ರೆಶಾ ತಂದ ಸ್ಟ್ರೈಕರ್ ಇದೇ ತೋನಿ.

ಗೋಲಿ ಅಲ್ಲ ಗೋಲ್‌ಕೀಪರ್

ತೋನಿ ಕೂಡ ಸೀರಿ ಸಿ ತಿಂದು ಬಂದವನೇ ಅಲ್ವಾ?

ಅಂಕಿ ಸಂಖ್ಯೆ

ಹೌದು. ಫಿಯೊರೆನ್ಸುವೊಲಾ, ಲೊದಿಜಿಯಾನಿ ಅಂತೆಲ್ಲ ಸುತ್ತಿದವನು. 2006ರ ವಿಶ್ವಕಪ್ ಫೈನಲ್‌ನಲ್ಲಿ ಕೊನೆಯ ಪೆನಾಲ್ಟಿ ಹೊಡೆದ ಗ್ರೊಸ್ಸೋ ಕಿಯೇತಿಯಲ್ಲಿ ಸಿ2 ಆಡಿದವನು. ಮತೆರಾಜ್ಜಿ ಸಿಸಿಲಿಯ ಮಾರ್ಸಾಲಾ, ತ್ರಪಾನಿಯಲ್ಲಿ ಆಡಿದವನು. ಮುಂದೆ ಚೆನ್ನೈಯಿನ್ ಕೋಚ್ ಆಗಿ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ಅದೇ ಮತೆರಾಜ್ಜಿ.

ಬೆಂಚು ಬಿಸಿ ಮಾಡುವವ

ಅಂದ್ರೆ ಸೀರಿ ಸಿಯಿಂದ ಬಂದವರನ್ನು ಇಟಲಿ ಕರೆಯಲ್ಲ ಅನ್ನೋದು ಸುಳ್ಳಾಯ್ತು. ಹ್ಯೂಬ್ನರ್‌ಗೆ ಸಮಸ್ಯೆ ತಡವಾಗಿ ಬಂದದ್ದು. ತೋನಿ ಇಪ್ಪತ್ಮೂರಕ್ಕೆ ಸೀರಿ ಎಗೆ ಬಂದ, ಇವನು ಮೂವತ್ತಕ್ಕೆ. ಸರಿ, ಹಳೇ ಸ್ಟ್ರೈಕರ್ ಅವರೇ, ನೀವು ಗೆದ್ರಿ. ಪೂರ್ತಿ ಅಲ್ಲ, ಮುಕ್ಕಾಲು.

ಹಳೇ ಸ್ಟ್ರೈಕರ್

ಮುಕ್ಕಾಲು ಸಾಕು ಮಾರಾಯ.

ಬ್ರೆಶಾದ ಕೊನೇ ವರ್ಷ, 2000-01 ಬಗ್ಗೆ ಯಾರೂ ಹೇಳಲಿಲ್ಲ. ಕೋಚ್ ಕಾರ್ಲೋ ಮಾತ್ಸೋನೆ, ಹಿಂದೆ ರೊಬೆರ್ತೋ ಬಾಜ್ಜೋ, ಜನವರಿಯಿಂದ ಪಿರ್ಲೋನೂ ಇಂಟರ್‌ನಿಂದ ಸಾಲಕ್ಕೆ ಬಂದ. ಮುಂದೆ ಹ್ಯೂಬ್ನರ್. ಬಾಜ್ಜೋ ಪಾಸ್ ಕೊಟ್ಟು, ಇವನು ನುಗ್ಗಿ ಹೊಡೆಯೋದು. ಒಬ್ಬ ಬಂಗಾರದ ಚೆಂಡು (ಬ್ಯಾಲನ್ ಡಿ'ಓರ್ ಪ್ರಶಸ್ತಿ) ಗೆದ್ದವನು, ಇನ್ನೊಬ್ಬ ಕಬ್ಬಿಣ ಬಡಿದವನು. ಇಬ್ಬರೂ 1967ರಲ್ಲೇ ಹುಟ್ಟಿದವರು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟ ಆದ ಜೋಡಿ ಇದು. ಆ ವರ್ಷ ಬ್ರೆಶಾ ಯುರೋಪ್ ಕ್ಲಬ್‌ಗಳ ಬೇಸಿಗೆ ಟೂರ್ನಿ ಇಂಟರ್‌ಟೋಟೋ ಕಪ್‌ಗೆ ಅರ್ಹತೆ ಪಡೆಯಿತು.

ಮಿಲಾನ್ ಕನ್ನಡಿಗ

ಆ ಬ್ರೆಶಾ ಈಗ ಇಲ್ಲ ಸರ್. 2025ರ ಬೇಸಿಗೆಯಲ್ಲಿ ಹಣದ ಗೋಳಿನಿಂದ ಕ್ಲಬ್ ನೋಂದಣಿಯೇ ಆಗಲಿಲ್ಲ. 1911ರ ಕ್ಲಬ್. ಈಗ ಫೆರಾಲ್ಪಿಸಾಲೋ ಕ್ಲಬ್‌ನ ಜಾಗದಲ್ಲಿ ಯೂನಿಯನ್ ಬ್ರೆಶಾ ಅಂತ ಹೊಸ ತಂಡ ಸೀರಿ ಸಿಯಲ್ಲಿ ಆಡುತ್ತಿದೆ.

ಹ್ಯೂಬ್ನರ್ ಆಡಿದ ಕ್ಲಬ್‌ಗಳನ್ನು ಲೆಕ್ಕ ಹಾಕಿ. ಅಂಕೋನಾ 2004ರಲ್ಲಿ ದಿವಾಳಿ. ಪೆರೂಜಾ 2005. ಮಂತೋವಾ 2010. ಪಿಯಾಚೆಂಜಾ 2012. ಚೆಜೇನಾ 2018. ಈಗ ಬ್ರೆಶಾ. ಎಲ್ಲಾ ಕಡೆ ಹೊಸ ಹೆಸರು, ಹೊಸ ನೋಂದಣಿ ಅಂತ ಮತ್ತೆ ಕೆಳಗಿನಿಂದ ಶುರು ಮಾಡಿದ್ದಾರೆ. ಇಲ್ಲಿ ಸೀರಿ ಸಿ ನಡೆಸೋದು ಅಂದ್ರೆ ಕೈಯಿಂದ ಸುರಿಯೋದು. ಮೂರು ಗುಂಪು, 60 ತಂಡ, ಎಲ್ಲವೂ ವೃತ್ತಿಪರ, ಎಲ್ಲರಿಗೂ ಸಂಬಳ, ಟೀವಿ ದುಡ್ಡು ಮಾತ್ರ ಸೀರಿ ಎಗೆ ಬರೋದರ ಚೂರು. ಪ್ರತಿ ಬೇಸಿಗೆಯಲ್ಲೂ ಯಾವ ತಂಡ ಉಳಿಯುತ್ತೆ, ಯಾವುದು ಮುಳುಗುತ್ತೆ ಅನ್ನೋದೇ ಒಂದು ಬೇರೆ ಲೀಗ್.

ಸೀರಿ ಡಿಗೆ ಇಳಿದರೆ ಲೆಕ್ಕದಲ್ಲಿ ಹವ್ಯಾಸಿ. ಸಂಬಳ ಅನ್ನೋ ಹಾಗಿರಲಿಲ್ಲ, ರಿಂಬೋರ್ಸೋ ಅಂತಿದ್ದರು, ಓಡಾಟದ ಖರ್ಚು. 2023ರ ಕ್ರೀಡಾ ಸುಧಾರಣೆ ಬಂದ ಮೇಲೆ ಅವರಿಗೂ ಕ್ರೀಡಾ ಕಾರ್ಮಿಕ ಅಂತ ಕಾನೂನಿನ ಸ್ಥಾನ ಸಿಕ್ಕಿದೆ.

ಆಸ್ಟಿನ್ ಟೌನ್ ಹುಡುಗ

ಅಂಕೋನಾ ಅಂದ್ರೆ ಆ 13 ಪಾಯಿಂಟ್ ತಂಡ?

ಅಂಕಿ ಸಂಖ್ಯೆ

ಅದೇ. 2003-04, 34 ಪಂದ್ಯದಲ್ಲಿ 13 ಪಾಯಿಂಟ್, ಗೆದ್ದದ್ದು ಎರಡೇ. ಹ್ಯೂಬ್ನರ್ ಮಧ್ಯದಲ್ಲೇ ಪೆರೂಜಾಗೆ ಹೋದ. ಅಲ್ಲಿ ಲಿಬಿಯಾದ ಗದ್ದಾಫಿ ಮಗ ಬೆಂಚಲ್ಲಿ ಕೂತಿದ್ದ (ನಿಜವಾಗಲೂ). ಪೆರೂಜಾನೂ ಇಳಿಯಿತು. ಒಂದೇ ಸೀಸನ್‌ನಲ್ಲಿ ಎರಡು ಇಳಿದ ತಂಡ. ಆಮೇಲೆ ಸೀರಿ ಸಿ1ರಲ್ಲಿ ಮಂತೋವಾ, ಅವರು 2005ರಲ್ಲಿ ಬಿಗೆ ಏರಿದರು.

ಗೋಲಿ ಅಲ್ಲ ಗೋಲ್‌ಕೀಪರ್

ಅಲ್ಲಿಗೆ ನಿವೃತ್ತಿ?

ಹಳೇ ಸ್ಟ್ರೈಕರ್

ಎಲ್ಲಿಯ ನಿವೃತ್ತಿ! ಮೂವತ್ತೆಂಟು ಆದವನು ಮತ್ತೆ ಹವ್ಯಾಸಿ ಲೀಗ್‌ಗೆ ಹೋದ. ಕಿಯಾರಿ, ರೊದೆಂಗೋ ಸಯಾನೋ, ಓರ್ಸಾ ಕೊರ್ತೆ ಫ್ರಾಂಕಾ, ಕಾಸ್ತೆಲ್ ಮೆಲ್ಲಾ, ಇವೆಲ್ಲ ಬ್ರೆಶಾ ಸುತ್ತಮುತ್ತಲಿನ ಸಣ್ಣ ಊರುಗಳು. ಕೊನೆಗೆ ಕವೆನಾಗೋ. 2011ರವರೆಗೆ ಆಡಿದ, ನಲವತ್ನಾಲ್ಕು ವರ್ಷ. ಸೀರಿ ಎ ಟಾಪ್ ಸ್ಕೋರರ್ ಭಾನುವಾರ ಮಧ್ಯಾಹ್ನ ಪ್ಲಂಬರ್, ಬ್ಯಾಂಕ್ ಗುಮಾಸ್ತರ ಎದುರು ಕಾರ್ನರ್‌ಗೆ ಕಾಯುತ್ತಾ ನಿಂತಿರೋದನ್ನು ಯೋಚನೆ ಮಾಡಿ. ಮಾರ್ಕ್ ಮಾಡೋ ಡಿಫೆಂಡರ್‌ಗೆ ಸೋಮವಾರ ಆಫೀಸಿನಲ್ಲಿ ಹೇಳೋಕೆ ಒಂದು ಕಥೆ.

ಇಷ್ಟು ವರ್ಷ ಆಡಿದವನ ಶ್ವಾಸಕೋಶದ ಬಗ್ಗೆ ಜೋಕು ಬೇರೆ.

ಬೆಂಚು ಬಿಸಿ ಮಾಡುವವ

😂 ಆಯ್ತು, ಆ ಕಾಲು ಭಾಗಾನೂ ತಗೊಳ್ಳಿ.

ಮೊದಲ ಪೋಸ್ಟ್‌ನಲ್ಲಿ ಮೂರೂ ಲೀಗ್‌ನಲ್ಲಿ ಟಾಪ್ ಸ್ಕೋರರ್ ಇಬ್ಬರು ಅಂದ್ರಿ. ಇನ್ನೊಬ್ಬ ಯಾರು?

ಅಂಕಿ ಸಂಖ್ಯೆ

ಇಗೋರ್ ಪ್ರೊತ್ತಿ. ಇವನೂ 1967ನೇ ಇಸವಿಯವನೇ, ರಿಮಿನಿ. ಇವರಿಬ್ಬರದ್ದು ಉಲ್ಟಾ ದಾರಿ. 1995-96ರಲ್ಲಿ ಹ್ಯೂಬ್ನರ್ ಸೀರಿ ಬಿ ಟಾಪ್ ಸ್ಕೋರರ್ ಆದ ವರ್ಷವೇ ಪ್ರೊತ್ತಿ ಬಾರಿ ತಂಡದಲ್ಲಿ 24 ಗೋಲು ಹೊಡೆದು ಸಿನ್ಯೋರಿ ಜೊತೆ ಸೀರಿ ಎ ಟಾಪ್ ಸ್ಕೋರರ್. ಬಾರಿ ಆದರೂ ಇಳಿಯಿತು. 2001-02ರಲ್ಲಿ ಹ್ಯೂಬ್ನರ್ 24 ಹೊಡೆದು ಸೀರಿ ಎಯಲ್ಲಿ ಮೇಲೆ, ಆ ವರ್ಷ ಪ್ರೊತ್ತಿ ಲಿವೋರ್ನೋದಲ್ಲಿ 27 ಹೊಡೆದು ಸಿ1ರಲ್ಲಿ ಮೇಲೆ. ಒಬ್ಬ ಮೆಟ್ಟಿಲು ಹತ್ತುವಾಗ ಇನ್ನೊಬ್ಬ ಇಳಿಯುತ್ತಿದ್ದ. ಮುಂದಿನ ವರ್ಷ ಪ್ರೊತ್ತಿ ಸೀರಿ ಬಿಯಲ್ಲಿ 23.

ಆಸ್ಟಿನ್ ಟೌನ್ ಹುಡುಗ

ಪ್ರೊತ್ತಿಗೆ ಬೇರೆ ಚರ್ಚೆ ಶುರು ಮಾಡಿ ಸರ್, ಇದರಲ್ಲೇ ಮುಗಿಸಬೇಡಿ. ಅವನು ಏನು ಸೇದುತ್ತಿದ್ದ?

ಹಳೇ ಸ್ಟ್ರೈಕರ್

😠

ಶನಿವಾರ ಬರೆಯುತ್ತೇನೆ.